ಸತ್ಯಾಂಶ: ಹುಟ್ಟಿನಿಂದ ಬಂದ ಇಮ್ಯುನಿಟಿ ಇದ್ದರೆ ಲಸಿಕೆ ಬೇಡವೇ?

"ಹುಟ್ಟಿನಿಂದ ಬಂದ ಇಮ್ಯುನಿಟಿಯೇ ಸಾಕು, ಲಸಿಕೆ ಅದನ್ನು ಕೆಡಿಸುತ್ತದೆ" ಎಂಬ ಫಾರ್ವರ್ಡ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಕಾಲಿಗೆ ಮುಳ್ಳು ಚುಚ್ಚಿತು ಅನ್ನಿ. ಕೆಲವೇ ಗಂಟೆಗಳಲ್ಲಿ ಆ ಜಾಗ ಕೆಂಪಾಗಿ ಊದಿಕೊಳ್ಳುತ್ತದೆ. ಅದು ಹುಟ್ಟಿನಿಂದ ಬಂದ ರಕ್ಷಣೆಯ ಕೆಲಸ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ರೋಗಾಣುಗಳನ್ನು ನುಂಗುತ್ತವೆ. ಕೀವಿನಲ್ಲಿ ಜಾಸ್ತಿ ಇರುವುದು ಸತ್ತುಹೋದ ಇವೇ ಕಣಗಳು.

ಅಷ್ಟರಲ್ಲಿ ಡೆಂಡ್ರಿಟಿಕ್ ಜೀವಕೋಶಗಳು ರೋಗಾಣುವಿನ ತುಣುಕು ಹೊತ್ತು ತೊಡೆಸಂದಿಯ ಗ್ರಂಥಿಗೆ ಹೋಗುತ್ತವೆ. ಕಾಲಿನ ಗಾಯಕ್ಕೆ ತೊಡೆಸಂದಿಯಲ್ಲಿ ಗಡ್ಡೆ ಕಟ್ಟುತ್ತದೆ ಅಲ್ವಾ, ಇದಕ್ಕೇ. ಅಲ್ಲಿ ಆ ತುಣುಕಿಗೆ ಹೊಂದುವ ಟಿ ಕೋಶಗಳು (ಇನ್ನೊಂದು ಬಗೆಯ ಬಿಳಿ ರಕ್ತಕಣಗಳು) ಎಚ್ಚೆತ್ತು, ಪ್ರತಿಕಾಯ, ಅಂದರೆ ರೋಗಾಣುವಿಗೆ ಅಂಟಿಕೊಳ್ಳುವ ಪ್ರೋಟೀನ್, ತಯಾರಿಸಲು ಬಿ ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ನೆರವಾಗುತ್ತವೆ. ಮೊದಲ ಸಲ ಇದಕ್ಕೆ ಒಂದು ವಾರವಾದರೂ ಬೇಕು. ಪ್ರತಿಕಾಯ ಅಂಟಿದ ರೋಗಾಣುವನ್ನು ನುಂಗುವುದು ಮತ್ತೆ ನ್ಯೂಟ್ರೋಫಿಲ್‌ನಂಥ ಹುಟ್ಟಿನ ರಕ್ಷಣೆಯ ಕಣಗಳೇ, ಈ ಸಲ ಸಲೀಸಾಗಿ.

ಲಸಿಕೆಯೂ ಇದೇ ದಾರಿ ಹಿಡಿಯುತ್ತದೆ. ಚುಚ್ಚಿದ ತೋಳು ಸುಮ್ನೆ ನೋಯುವುದಿಲ್ಲ, ಹುಟ್ಟಿನ ರಕ್ಷಣೆ ಎದ್ದಿರುತ್ತದೆ. ಇನ್ನು ಧನುರ್ವಾಯು ಬಂದು ಗುಣವಾದವರಿಗೂ ಲಸಿಕೆ ಬೇಕೇ ಬೇಕು. ಆ ರೋಗ ತರುವುದು ರೋಗಾಣು ಬಿಡುವ ವಿಷ; ಅದರ ಪ್ರಮಾಣ ತೀರಾ ಕಡಿಮೆ, ದೇಹಕ್ಕೆ ಅದರ ನೆನಪು ಉಳಿಯುವುದಿಲ್ಲ.