ವರುಣನಿಗೊಂದು ಸುತ್ತೋಲೆ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಒಳದಾರಿ ಹಿಡಿದರೆ ನಮ್ಮೂರಿನ ಈಶ್ವರ ದೇವಸ್ಥಾನ ಸಿಗುತ್ತದೆ. ಗರ್ಭಗುಡಿಯ ಮೇಲೆ ನಾಲ್ಕು ಹಂಚು ಒಡೆದು ಬಹಳ ವರ್ಷವಾಯಿತು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇವರ ಅಭಿಷೇಕಕ್ಕೆ ಭಟ್ಟರು ಕೊಡಪಾನ ಎತ್ತಬೇಕಾಗಿಲ್ಲ. ಸೂರೇ ಆ ಕೆಲಸ ಮಾಡುತ್ತದೆ. ಹಂಚು ಹಾಕಿಸಿಕೊಡಿ ಅಂತ ನಾವು ಕಂಡಕಂಡವರಿಗೆ ಬರೆದ ಅರ್ಜಿಗಳನ್ನೇ ಒಂದರ ಮೇಲೊಂದು ಹೊದಿಸಿದ್ದರೆ ಒಂದು ಮಳೆಗಾಲವಾದರೂ ತಡೆಯುತ್ತಿತ್ತು.

ಇಂಥ ದೇವರಿಗೆ 2012ರ ಜುಲೈನಲ್ಲಿ ಸರ್ಕಾರದಿಂದ ಸೂಚನೆ ಬಂತು. ಮಳೆ ತರಿಸತಕ್ಕದ್ದು.

ಸುಮ್ನೆ ಹೇಳುತ್ತಿಲ್ಲ. ಆ ವರ್ಷ ರಾಜ್ಯದ ನೂರಕ್ಕೂ ಜಾಸ್ತಿ ತಾಲ್ಲೂಕುಗಳಿಗೆ ಬರ ಬಡಿದಿತ್ತು. ಜುಲೈ 27 ಮತ್ತು ಆಗಸ್ಟ್ 2ರಂದು ಸುಮಾರು 34 ಸಾವಿರ ದೇವಸ್ಥಾನಗಳಲ್ಲಿ ವರುಣನಿಗೆ ವಿಶೇಷ ಪೂಜೆ ಮಾಡಬೇಕು ಅಂತ ಸರ್ಕಾರ ತೀರ್ಮಾನಿಸಿತು. ಒಂದೊಂದು ದೇವಸ್ಥಾನಕ್ಕೆ 5,000 ರೂಪಾಯಿ. ಗುಣಿಸಿ ನೋಡಿ, 17 ಕೋಟಿ. ಆಕಾಶಕ್ಕೆ ಕೊಟ್ಟ ಮುಂಗಡ.

ಜುಲೈ 27 ಅಂದರೆ ಪುಷ್ಯ ಮಳೆಯ ನಟ್ಟನಡುವೆ. ಎಂಥ ಬರದ ವರ್ಷವೇ ಇರಲಿ, ಆ ಹೊತ್ತಿಗೆ ನಮ್ಮ ಕಡೆ ಕಂಬಳಿ ಒಣಗುವುದಿಲ್ಲ. ಅಡಿಕೆಗೆ ಕೊಳೆ ರೋಗ ಬರುತ್ತದೆ ಅಂತ ಬೋರ್ಡೋ ಔಷಧಿ ಹೊಡೆಸಲು ಒಂದು ಬಿಸಿಲು ಸಿಕ್ಕರೆ ಸಾಕಪ್ಪಾ ಅಂತ ಆಕಾಶ ನೋಡುತ್ತಾ ಕೂತಿರುತ್ತೇವೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಸುರಿಯುತ್ತದೆ. ಆದರೆ ಸುತ್ತೋಲೆಗೆ ಘಟ್ಟವೂ ಒಂದೇ, ಬಯಲೂ ಒಂದೇ. ಚಳ್ಳಕೆರೆಯ ದೇವರಿಗೆ ಏನು ಆಜ್ಞೆಯೋ ನಮ್ಮ ದೇವರಿಗೂ ಅದೇ.

ಪೂಜೆಯ ಹಿಂದಿನ ದಿನ ಭಟ್ಟರು ಕೊಡೆ ಮಡಚುತ್ತಾ ನಮ್ಮ ಜಗಲಿಗೆ ಬಂದರು. ಮುಖದಲ್ಲಿ ಚಿಂತೆ.

“ಅಲ್ಲ ಮಾರಾಯ್ರೆ, ಸಂಕಲ್ಪ ಯಾರ ಹೆಸರಲ್ಲಿ ಮಾಡ್ಲಿ?”

“ಸರ್ಕಾರದ ಹೆಸರಲ್ಲಿ ಮಾಡಿ ಭಟ್ರೆ. ದುಡ್ಡು ಅವರದ್ದಲ್ವಾ?”

“ಸರ್ಕಾರದ ಗೋತ್ರ ಯಾವ್ದು?”

ನಾನು ಕಾಫಿ ಲೋಟ ಕೆಳಗಿಟ್ಟೆ. ಹೌದಲ್ಲ. ಪೂಜೆ ಮಾಡಿಸುವವನಿಗೆ ಗೋತ್ರ, ನಕ್ಷತ್ರ, ರಾಶಿ, ಹೆಸರು ಬೇಕು. ನಕ್ಷತ್ರವೇನೋ ಸಿಗುತ್ತದೆ. ರಾಜ್ಯ ಹುಟ್ಟಿದ್ದು 1956ರ ನವೆಂಬರ್ 1, ಆ ವರ್ಷದ ಪಂಚಾಂಗ ಹುಡುಕಿದರಾಯಿತು. ಹೆಸರಿನದ್ದು ಸ್ವಲ್ಪ ತಕರಾರು. ಹುಟ್ಟಿದಾಗ ಮೈಸೂರು, ಕರ್ನಾಟಕ ಅಂತ ನಾಮಕರಣ ಆಗಿದ್ದು 1973ರಲ್ಲಿ, ಅಂದರೆ ಕೂಸಿಗೆ ಹದಿನೇಳು ತುಂಬಿದ ಮೇಲೆ. ಆದರೆ ಗೋತ್ರ? ಯಾವ ಧರ್ಮಕ್ಕೂ ಸೇರದವನು ನಾನು ಅಂತ ಸಂವಿಧಾನದ ಮುಂದೆ ಹೇಳಿಕೊಂಡವನು ಮಡಿ ಉಟ್ಟು ಮಣೆ ಮೇಲೆ ಕೂತರೆ ಭಟ್ಟರಾದರೂ ಏನು ಮಾಡಬೇಕು?

ಕೊನೆಗೆ ಅವರೇ ದಾರಿ ಕಂಡುಕೊಂಡರು. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಅಂತ ಹೇಳುವ ವಾಡಿಕೆ ಇದೆ. ಮಾರನೇ ದಿನ ಹಂಚಿನ ಮೇಲೆ ಮಳೆ ಕುಟ್ಟುತ್ತಿದ್ದಾಗ “ಕಾಶ್ಯಪ ಗೋತ್ರೋದ್ಭವಸ್ಯ ಕರ್ನಾಟಕ ಸರ್ಕಾರಸ್ಯ” ಅಂತ ಗಟ್ಟಿಯಾಗಿ ಹೇಳಿದರು. ಗಟ್ಟಿಯಾಗಿ ಹೇಳದಿದ್ದರೆ ಮಳೆ ಸದ್ದಿಗೆ ಕೇಳುತ್ತಲೇ ಇರಲಿಲ್ಲ.

ಮುಜರಾಯಿ ಲೆಕ್ಕದಲ್ಲಿ ದೇವರಿಗೂ ದರ್ಜೆ ಉಂಟು. ವರ್ಷದ ಆದಾಯ 25 ಲಕ್ಷ ದಾಟಿದ ದೇವಸ್ಥಾನ ಎ, 5 ಲಕ್ಷ ದಾಟಿದ್ದು ಬಿ, ಅದಕ್ಕಿಂತ ಕೆಳಗಿನದ್ದು ಸಿ. ನಮ್ಮ ಈಶ್ವರ ಸಿ ದರ್ಜೆ. ಕೈಲಾಸದಲ್ಲಿ ಏನೇ ಆಗಿರಲಿ, ಇಲ್ಲಿ ಬಡ್ತಿ ಇಲ್ಲ. ಸಿ ದರ್ಜೆಯವರ ಪೂಜೆಗೆ ಕೊಡುವ ತಸ್ತಿಕ್ಕನ್ನು 2025ರ ಬಜೆಟ್‌ನಲ್ಲಿ ವರ್ಷಕ್ಕೆ 60,000ದಿಂದ 72,000 ರೂಪಾಯಿಗೆ ಏರಿಸಿದರು. ದಿನಕ್ಕೆ ಹಂಚಿದರೆ 200ಕ್ಕೆ ಮೂರು ರೂಪಾಯಿ ಕಡಿಮೆ. ಎಣ್ಣೆ, ಬತ್ತಿ, ನೈವೇದ್ಯ, ಭಟ್ಟರ ಹೊಟ್ಟೆ ಎಲ್ಲ ಅದರಲ್ಲೇ. ಆ ದುಡ್ಡಿಗೆ ನಮ್ಮ ಕಡೆ ಅಡಿಕೆ ಕೊನೆ ತೆಗೆಯುವವರು ನಾಲ್ಕು ಮರ ಹತ್ತುವುದೂ ಅನುಮಾನ. ದೇವರು ಮಾತ್ರ ಇಡೀ ರಾಜ್ಯದ ಮೋಡ ಎಳೆದು ತರಬೇಕು.

ನಮ್ಮ ಪೇಟೆಯ ಮುಸ್ಲಿಮರೂ ಮಳೆ ತಡವಾದರೆ ಬಯಲಿಗೆ ಹೋಗಿ ನಮಾಜು ಮಾಡುತ್ತಾರೆ. ಮೇಲಿನ ಬಟ್ಟೆ ತಿರುವಿ ಹಾಕಿಕೊಂಡು ಕೇಳುವ ಪದ್ಧತಿ ಅವರಲ್ಲಿದೆ. ಚರ್ಚಿನಲ್ಲೂ ಪ್ರಾರ್ಥನೆ ನಡೆಯುತ್ತದೆ. ಅವರಿಗೆ ಯಾರೂ ದಿನ ಗೊತ್ತು ಮಾಡಿಕೊಡುವುದಿಲ್ಲ, ರಸೀದಿ ಕೇಳುವುದಿಲ್ಲ. ಇದು ನಮ್ಮ ದೇವರ ಮೇಲಿನ ಪ್ರೀತಿಯೋ, ಅವನಿಗೆ ಹಾಕಿದ ಹೆಚ್ಚುವರಿ ಡ್ಯೂಟಿಯೋ ಅಂತ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಈ ಹುಚ್ಚು ನಮಗೊಬ್ಬರಿಗೇ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಚರ್ಚು ಬೇರೆ, ಸರ್ಕಾರ ಬೇರೆ, ನಡುವೆ ಗೋಡೆ ಇದೆ ಅನ್ನುತ್ತಾರೆ. 2007ರ ನವೆಂಬರ್‌ನಲ್ಲಿ ಜಾರ್ಜಿಯಾ ರಾಜ್ಯದ ಗವರ್ನರು ತಮ್ಮ ವಿಧಾನಸೌಧದ ಮೆಟ್ಟಿಲ ಮೇಲೆ ನಿಂತು ಮಳೆಗಾಗಿ ಪ್ರಾರ್ಥಿಸಿದರು. ಗೋಡೆ ನೆನಪಿಸಲು ಒಂದಷ್ಟು ಜನ ಹೊರಗೆ ನಿಂತು ಪ್ರತಿಭಟಿಸಿದರು. 2011ರಲ್ಲಿ ಟೆಕ್ಸಾಸ್ ಗವರ್ನರು ಮೂರು ದಿನ ಎಲ್ಲರೂ ಮಳೆ ಕೇಳಿ ಅಂತ ಘೋಷಣೆ ಹೊರಡಿಸಿದರು. ಬರ ಇನ್ನೂ ಜೋರಾಯಿತು. ಆದರೂ ಅವರು ಬರೀ ಕೇಳಿಕೊಂಡರು. ಬಿಲ್ಲು, ವೋಚರು ಮಾಡಲಿಲ್ಲ. ಗೋಡೆ ಇದ್ದವರ ಕಷ್ಟ ಅದು. ನಮ್ಮಲ್ಲಿರುವುದು ಗೋಡೆಯಲ್ಲ, ತೋಟದ ಬಾಯಿಗೆ ಹಾಕುವ ದಣಪೆ. ದನ ದಾಟಬಾರದು, ಯಜಮಾನರು ಯಾವಾಗ ಬೇಕಾದರೂ ಗಳ ಸರಿಸಿ ಒಳಗೆ ಹೋಗಬಹುದು.

ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳಿ ಅಂತ ಸಂವಿಧಾನದ 51ಎ ವಿಧಿ ನಾಗರಿಕರಿಗೆ ಹೇಳುತ್ತದೆ. ನಾಗರಿಕರಿಗೆ, ಗಮನಿಸಿ. ಸರ್ಕಾರಕ್ಕೆ ಅದು ಅನ್ವಯಿಸುವುದಿಲ್ಲ ಅಂತ ಕಾಣುತ್ತದೆ. ಛೇ, ಹಾಗೆ ಹೇಳಿದರೆ ಅನ್ಯಾಯವಾದೀತು. 2017ರಲ್ಲಿ ‘ವರ್ಷಧಾರೆ’ ಅಂತ ವಿಮಾನ ಹಾರಿಸಿ ಮೋಡ ಬಿತ್ತನೆ ಮಾಡಿಸಿದ್ದೂ ಇದೇ ಸರ್ಕಾರವೇ. ಎರಡು ವರ್ಷ ಕಳೆಯುವಷ್ಟರಲ್ಲಿ ಮತ್ತೆ ಹೋಮಕ್ಕೆ ಬಂತು. ಹೋಮದ ಹೊಗೆಯೂ ಮೇಲೇ ಹೋಗುತ್ತದೆ, ವಿಮಾನದಷ್ಟು ಬಾಡಿಗೆ ಇಲ್ಲ.

ಆ 2019ರ ಕಥೆ ಇನ್ನೂ ಚೆಂದ. ಜೂನ್ 6ಕ್ಕೆ ಪರ್ಜನ್ಯ ಜಪ, ಹೋಮ. ಖರ್ಚು 10,001 ರೂಪಾಯಿ ಮೀರಬಾರದು. ಹತ್ತು ಸಾವಿರ ಆಡಿಟ್‌ನವರಿಗೆ, ಒಂದು ರೂಪಾಯಿ ಶಾಸ್ತ್ರಕ್ಕೆ. ಬೆಂಗಳೂರಿನ ಒಂದು ದೇವಸ್ಥಾನದಲ್ಲಿ ಅರ್ಚಕರು ನೀರು ತುಂಬಿದ ದೊಡ್ಡ ಪಾತ್ರೆಗಳಲ್ಲಿ ಕೂತು ಕೈಯಲ್ಲಿ ಮೊಬೈಲ್ ಹಿಡಿದುಕೊಂಡಿದ್ದ ಫೋಟೊ ಊರೆಲ್ಲ ಓಡಾಡಿತು. ಹವಾಮಾನ ವರದಿ ನೋಡುತ್ತಿದ್ದರೇನೋ, ಪಾಪ.

ಜಲಸಂಪನ್ಮೂಲ ಸಚಿವರು ಮಾತ್ರ ನೇರವಾಗಿ ನಮ್ಮ ಮಲೆನಾಡಿಗೇ ಬಂದರು. ಶೃಂಗೇರಿ ಹತ್ತಿರದ ಕಿಗ್ಗಾಕ್ಕೆ. ಅಲ್ಲಿ ಋಷ್ಯಶೃಂಗೇಶ್ವರ ಇದ್ದಾನೆ. ಮಳೆ ಬೇಕೆಂದರೂ ಸಾಕೆಂದರೂ ನಾವು ಹೋಗಿ ಕೇಳುವುದು ಅವನನ್ನೇ. ರಾಮಾಯಣದ ಕಥೆ ನಿಮಗೆ ಗೊತ್ತಿರುತ್ತದೆ. ಅಂಗದೇಶಕ್ಕೆ ಬರ ಬಂತು. ಹೆಣ್ಣನ್ನೇ ಕಾಣದೆ ಕಾಡಲ್ಲಿ ಬೆಳೆದ ಋಷ್ಯಶೃಂಗನನ್ನು ರೋಮಪಾದ ರಾಜ ವೇಶ್ಯೆಯರನ್ನು ಕಳಿಸಿ ಕರೆಸಿಕೊಂಡ. ಹುಡುಗ ಕಾಲಿಟ್ಟ ಕೂಡಲೇ ಮಳೆ. ಮಗಳು ಶಾಂತೆಯನ್ನು ಕೊಟ್ಟು ಮದುವೆಯೂ ಆಯಿತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಬರ ಬಂದದ್ದು ಯಾಕೆ ಅನ್ನುವುದೂ ಅದೇ ಕಥೆಯಲ್ಲಿದೆ. ರಾಜ ತಪ್ಪು ನಡೆದದ್ದಕ್ಕೆ. ಸುತ್ತೋಲೆ ಬರೆದವರು ಕಥೆಯನ್ನು ನಡುವಿನಿಂದ ಓದಲು ಶುರುಮಾಡಿದ್ದರು.

ಇರಲಿ, ಅರ್ಜಿ ತಲುಪಿತು. ಆದರೆ ದೇವಲೋಕದಲ್ಲೂ ಕಡತ ನಿಧಾನವೇ ಅಂತ ಕಾಣುತ್ತದೆ. ಜುಲೈ 23ರಂದು ಬಿದ್ದದ್ದು ಮಳೆಯಲ್ಲ, ಅರ್ಜಿ ಕೊಟ್ಟ ಸರ್ಕಾರ. ಮಳೆ ಬಂದದ್ದು ಆಗಸ್ಟ್ ಮೊದಲ ವಾರ. ‘ಆಶ್ಲೇಷ ಮಳೆ, ಈಸಲಾರದ ಹೊಳೆ’ ಅಂತ ಹಿರಿಯರು ಹೇಳಿದ ಹಾಗೇ ಬಂತು. ಶಿವಮೊಗ್ಗದಲ್ಲಿ ಮಳೆ ಅಳೆಯಲು ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯ ಮಂಟಪ ಮುಳುಗಿತಾ ಅಂತ ಕೇಳುತ್ತಾರೆ. ಆ ಸಲ ಕೇಳುವ ಅಗತ್ಯವೇ ಬೀಳಲಿಲ್ಲ. ಹೊಳೆಯೇ ಬಡಾವಣೆಗೆ ಬಂದು ಹೇಳಿತು. ರಾಜ್ಯದ ನೂರಕ್ಕೂ ಜಾಸ್ತಿ ತಾಲ್ಲೂಕು ಪ್ರವಾಹಪೀಡಿತ. ಮನೆ ಕಳೆದುಕೊಂಡವರ ವಿಷಯದಲ್ಲಿ ತಮಾಷೆ ಬೇಡ, ನಮ್ಮ ನೆಂಟರೇ ಇದ್ದರು ಅದರಲ್ಲಿ.

ಈಗ ಮಳೆ ಸಾಕು ಅಂತ ಇನ್ನೊಂದು ಸುತ್ತೋಲೆ ಹೋಗಬೇಕಿತ್ತು. ಯಾರು ಕಳಿಸುತ್ತಾರೆ? ನಮ್ಮ ಜಿಲ್ಲೆಯ ಶಿಕಾರಿಪುರದ ಯಡಿಯೂರಪ್ಪನವರು ಜುಲೈ 26ಕ್ಕೆ ಪ್ರಮಾಣವಚನ ತೆಗೆದುಕೊಂಡವರು ಆಗಸ್ಟ್ 20ರವರೆಗೆ ಒಬ್ಬರೇ ಸಂಪುಟ. ಮುಜರಾಯಿ ಮಂತ್ರಿ ಅಂತ ಒಬ್ಬರು ಇರಲೇ ಇಲ್ಲ. ಮಳೆ ತರಿಸಲು ಒಂದು ಸರ್ಕಾರ ಇತ್ತು, ನಿಲ್ಲಿಸಲು ಮಂತ್ರಿ ಇರಲಿಲ್ಲ. ವರುಣ ಹಳೆಯ ಆದೇಶವನ್ನೇ ಪಾಲಿಸುತ್ತಾ ಹೋದ. ಅದು ರದ್ದಾಗಿದೆ ಅನ್ನುವ ಪತ್ರ ಕೈಗೆ ಬರುವವರೆಗೆ ಯಾವ ನೌಕರನಾದರೂ ಅದನ್ನೇ ಮಾಡುತ್ತಾನೆ, ಅಲ್ವಾ?

2012ರ ನಮ್ಮ ಪೂಜೆಯ ಕಥೆ ಅರ್ಧಕ್ಕೆ ಬಿಟ್ಟೆ. ಪೂಜೆ ಮುಗಿದು ವಾರ ಕಳೆದ ಮೇಲೆ ಒಂದು ಕಚೇರಿಯಿಂದ ಭಟ್ಟರಿಗೆ ಫೋನು. ಜಲಾಭಿಷೇಕ ನಡೆದದ್ದಕ್ಕೆ ಸಾಕ್ಷಿ ಬೇಕು, ಫೋಟೊ ಎರಡು ಪ್ರತಿ. ಪೂಜೆಯ ದಿನ ಯಾರೂ ಫೋಟೊ ತೆಗೆದಿರಲಿಲ್ಲ. ಪೇಟೆಯಿಂದ ಸ್ಟುಡಿಯೊ ಹುಡುಗನನ್ನು ಕರೆಸಿದೆವು. ಅವನು ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು ಗರ್ಭಗುಡಿಯ ಬಾಗಿಲಲ್ಲಿ ನಿಂತ. ಭಟ್ಟರು ಕೊಡಪಾನ ತರಲು ಬಾವಿಕಟ್ಟೆಗೆ ಹೊರಟಿದ್ದರು. ಅಷ್ಟರಲ್ಲಿ ಒಡೆದ ಹಂಚಿನಿಂದ ಒಂದು ಧಾರೆ ನೆಟ್ಟಗೆ ಲಿಂಗದ ನೆತ್ತಿ ಮೇಲೆ ಬಿತ್ತು. ಹುಡುಗ ಕ್ಲಿಕ್ಕಿಸಿಬಿಟ್ಟ.

ಅದನ್ನೇ ಕಳಿಸಿದೆವು. ಅಭಿಷೇಕ ತೃಪ್ತಿಕರವಾಗಿದೆ ಅಂತ ಉತ್ತರ ಬಂತು.