ಮೂರು ವರ್ಷದ ಸಾಹಸಿಗೆ ಸೀಟು ಸಿಕ್ತಾ?

ಪುಣೆಯ ಕೊಥ್ರೂಡ್ ಕಡೆಯ ಕನ್ನಡ ಮನೆಗಳಲ್ಲಿ ಈಗ ಒಂದೇ ಚಿಂತೆ. ಪುಟಾಣಿಗಳಿಗೆ ಕಾಡು-ಬೆಟ್ಟದ ಸಾಹಸ ಕಲಿಸುವ ‘ಸಾಹಸ ಬಳಗ’ದಲ್ಲಿ ಪುಟ್ಟನಿಗೆ ಸೀಟು ಸಿಕ್ತಾ? ಪುಟ್ಟನಿಗೆ ಮೂರೂವರೆ ವರ್ಷ. ಡೈಪರ್ ಬಿಟ್ಟಿದ್ದು ಮೊನ್ನೆ. ಆದರೂ ಕಾಡಿನಲ್ಲಿ ಬದುಕುಳಿಯುವುದನ್ನು ಅವನು ತುರ್ತಾಗಿ ಕಲಿಯಬೇಕಾಗಿದೆ.

1907ರಲ್ಲಿ, ಸ್ಕೌಟ್ ಚಳವಳಿ ಹುಟ್ಟುಹಾಕಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಸುಮಾರು 20 ಹುಡುಗರನ್ನು ಕರೆದೊಯ್ದು ಟೆಂಟ್ ಹಾಕಿಸಿದ. ಚಿಕ್ಕವರಿಗೂ ಆಸೆ ಹುಟ್ಟಿತು, 1916ರಲ್ಲಿ ಅವರಿಗೆ ಕಬ್ ದಳ ಬಂತು. 2021ರಲ್ಲಿ ಬ್ರಿಟನ್ನಿನ ಸ್ಕೌಟ್ಸ್ ನಾಲ್ಕು ವರ್ಷದವರಿಗೂ ‘ಸ್ಕ್ವಿರಲ್ಸ್’ ಅನ್ನುವ ಅಳಿಲು ದಳ ಶುರು ಮಾಡಿತು. ನಮ್ಮ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನ ‘ಬನ್ನಿ’ಗಳು, ಅಂದರೆ ಮೊಲದ ಮರಿಗಳು, ಮೂರಕ್ಕೇ ಸೇರುತ್ತವೆ. ಪಾಪ, ಹಾಡಿ ಕುಣಿಯುವ ಮಕ್ಕಳು, ಅವರ ಮೇಲೆ ನನಗೆ ತಕರಾರಿಲ್ಲ. ನನ್ನ ತಕರಾರು ಫೀಸು ಕಟ್ಟಿಸಿಕೊಳ್ಳುವ ಖಾಸಗಿ ಬಳಗಗಳ ಮೇಲೆ. ವಯಸ್ಸು ಹೀಗೇ ಇಳಿಯುತ್ತಾ ಹೋದರೆ ಮುಂದಿನ ಮೆಟ್ಟಿಲು ಯಾವುದು? ಹೊಟ್ಟೆಯೊಳಗಿನ ಕೂಸಿಗೇ ಪಾಠ ಹೇಳುವ ಗರ್ಭಸಂಸ್ಕಾರದ ಕ್ಲಾಸುಗಳಿಗೆ ಪುಣೆಯಲ್ಲಿ ಬರವಿಲ್ಲ. ಗಂಟು ಹಾಕುವ ಪಾಠ ಅಲ್ಲೇ ಮುಗಿಸಬಹುದು. ಹಗ್ಗ ಹೇಗೂ ಒಳಗೇ ಇದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಕಾಲ ಹೋಯಿತು, ಈಗ ಹೆಲ್ಮೆಟ್.

ಸೇರುವ ಫಾರಂ ಒಮ್ಮೆ ಓದಬೇಕು. ‘ಮರ, ಕಲ್ಲು, ಮಣ್ಣು, ಇರುವೆ, ಬಿಸಿಲು, ಮಳೆಯಿಂದ ಏನಾದರೂ ಆದರೆ ನಾವು ಹೊಣೆಯಲ್ಲ.’ ಇಷ್ಟನ್ನೂ ತೆಗೆದರೆ ಹೊರಗಡೆ ಅಂತ ಉಳಿಯುವುದು ಪಾರ್ಕಿಂಗ್ ಜಾಗ ಮಾತ್ರ ಅಲ್ವಾ? ಮಣ್ಣಾಟದ ಮಣ್ಣು ಸೋಸಿದ್ದು, ಪ್ಯಾಕೆಟ್ಟಿನದು. ಬೆಂಕಿ ಹೊತ್ತಿಸುವ ಕೌಶಲಕ್ಕೆ ಕಿತ್ತಳೆ ಬಣ್ಣದ ಕಾಗದ. ಮರ ಹತ್ತುವುದು ಇದೆ, ನೆಲದಿಂದ ಒಂದಡಿ. ಕೆಳಗೆ ಹಾಸಿಗೆ, ಸುತ್ತ ನಾಲ್ಕು ಮೊಬೈಲು.

ನಮ್ಮ ಸೊಸೈಟಿಯಲ್ಲೂ ಮರಗಳಿವೆ. ‘ಹುಲ್ಲು ತುಳಿಯಬಾರದು, ಮರ ಹತ್ತಬಾರದು’ ಅಂತ ಬೋರ್ಡೂ ಇದೆ. ಆ ಬೋರ್ಡು ಬರೆಸಿದ ಸೆಕ್ರೆಟರಿಯ ಮೊಮ್ಮಗನೇ ಬಳಗದ ಮೊದಲ ಬ್ಯಾಚು! ಹತ್ತಿರದಲ್ಲೇ ವೇತಾಳ ಟೇಕಡಿ ಅನ್ನುವ ಗುಡ್ಡ ಇದೆ. ಕಲ್ಲು, ಮುಳ್ಳು, ನವಿಲು ಎಲ್ಲಾ ಪುಕ್ಕಟೆ. ಆದರೆ ಅಲ್ಲಿ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ.

ಕಳೆದ ಚಳಿಗಾಲದಲ್ಲಿ ಬಳಗದ ಮಕ್ಕಳು ಸಿಂಹಗಡ ‘ಏರಿದರು’. 1670ರಲ್ಲಿ ಶಿವಾಜಿಯ ಸರದಾರ ತಾನಾಜಿಯ ಮಾವಳ ಸೈನಿಕರು ರಾತ್ರಿ ಬಂಡೆ ಹತ್ತಿ ಗೆದ್ದ ಕೋಟೆ ಅದು. ನಮ್ಮ ವೀರರು ಎಸಿ ಗಾಡಿಯಲ್ಲಿ ಮೇಲಿನ ಪಾರ್ಕಿಂಗ್‌ವರೆಗೆ ಹೋದರು. ಅಲ್ಲಿನ ಪಿಠ್ಲ-ಭಾಕ್ರಿ (ಕಡಲೆಹಿಟ್ಟಿನ ಪಲ್ಯ, ರೊಟ್ಟಿ) ಮುಟ್ಟಲಿಲ್ಲ, ಹೊಟ್ಟೆ ಕೆಡುತ್ತದಂತೆ. ಒಬ್ಬ ಮಾತ್ರ ದಾರಿಬದಿ ಕೂತು ಕಲ್ಲು ಪೇರಿಸತೊಡಗಿದ. ‘ಕಲ್ಲು ಮುಂದಿನ ಟರ್ಮಿಗೆ ಬರುತ್ತೆ’ ಅಂತ ಎಬ್ಬಿಸಿದರು. ಎಲ್ಲರಿಗೂ ‘ಗಡ ಗೆದ್ದ ವೀರ’ ಬ್ಯಾಡ್ಜ್ ಸಿಕ್ಕಿತು. ನಿದ್ದೆ ಹೋಗಿದ್ದ ಇಬ್ಬರಿಗೂ.

ಪಕ್ಕದ ಮನೆಯ ವಿಜಯಪುರದ ಅಜ್ಜಿ ಅಂದರು: ‘ನಮ್ಮ ಹೊಲಕ್ಕ ಕಳಸ್ರಿ, ನಾಕು ದಿನ ಕುರಿ ಹಿಂದ ಅಡ್ಡಾಡಲಿ.’ ಸೊಸೆ ಒಂದೇ ಮಾತು ಕೇಳಿದಳು, ‘ಅಲ್ಲಿ ಟ್ರೇನರ್ ಯಾರು?’

ಮಳೆಗಾಲದ ವಿಶೇಷ ಶಿಬಿರ ಮಾತ್ರ ಈ ಸಲ ರದ್ದಾಯಿತು. ಕಾರಣ, ಮಳೆ. ಬದಲಿಗೆ ಆನ್‌ಲೈನ್ ಕ್ಲಾಸು. ಮಗುವಿಗೆ ಛತ್ರಿ ಹಿಡಿಸಿ, ಬಚ್ಚಲಿನ ಶವರ್ ಕೆಳಗೆ ನಿಲ್ಲಿಸಿ, ವಿಡಿಯೊ ಕಳಿಸಬೇಕಂತೆ. ನೀರಿನ ಟ್ಯಾಂಕರ್ ಖರ್ಚು ಪೋಷಕರದು.