ಸಾವಿರ ಕಣ್ಣು, ಒಂದೇ ಗಂಟು

ಮುಕ್ತ ತಂತ್ರಾಂಶದ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು; ಆದ್ದರಿಂದ ಯಾರೋ ಓದಿಯೇ ಇರುತ್ತಾರೆಂದು ನಂಬಿ ಎಲ್ಲರೂ ನೆಮ್ಮದಿಯಿಂದಿದ್ದಾರೆ. ಸಂಕೇತವನ್ನೂ ಅದರ ಪ್ರತಿ ಬದಲಾವಣೆಯನ್ನೂ ಬಹಿರಂಗವಾಗಿಡುವ ಗಿಟ್ ಭಂಡಾರದಲ್ಲಿ ಒಂದು ಅಲ್ಪವಿರಾಮ ಅತ್ತಿತ್ತ ಸರಿದರೂ ಮೂವರು ತಕರಾರು ತೆಗೆಯುತ್ತಾರೆ. ಆದರೆ ಬಿಡುಗಡೆಯ ದಿನ ಅಷ್ಟನ್ನೂ ಟಾರ್‌ಬಾಲ್ ಎಂಬ ಗಂಟಾಗಿ ಕಟ್ಟಿ, ಸಹಿಯೊತ್ತಿ ಹೊರಗಿಡುವವನು ಬಹುತೇಕ ಒಬ್ಬನೇ. ಆ ಗಂಟು ಬಿಚ್ಚಿ, ಒಳಗಿರುವುದು ಭಂಡಾರದಲ್ಲಿದ್ದುದೇ ಹೌದೋ ಎಂದು ನೋಡಿದರೆ ಅವನ ಪ್ರಾಮಾಣಿಕತೆಯನ್ನೇ ಶಂಕಿಸಿದಂತಾದೀತೆಂದು ಸಭ್ಯರೆಲ್ಲ ಸುಮ್ಮನಿರುತ್ತಾರೆ.

ಈ ಸಭ್ಯತೆಗೆ 2024ರಲ್ಲಿ ತಕ್ಕ ಮನ್ನಣೆ ದೊರೆಯಿತು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳ ಗಂಟಿನಲ್ಲಿ, ಭಂಡಾರದಲ್ಲಿಲ್ಲದ ಬಿಲ್ಡ್ ಕಡತವೊಂದಿತ್ತು; ಬಿಲ್ಡ್ ಎಂದರೆ ಮೂಲ ಸಂಕೇತದಿಂದ ಓಡುವ ತಂತ್ರಾಂಶವನ್ನು ತಯಾರಿಸುವುದು. ಬಿಲ್ಡ್ ನಡೆಯುವಾಗ ಅದು, ಪರೀಕ್ಷೆಗೆಂದು ಇಟ್ಟಿದ್ದ ಕಡತಗಳೊಳಗೆ ಅಡಗಿದ್ದ ಹಿಂಬಾಗಿಲನ್ನು, ಅಂದರೆ ಕದ್ದು ಒಳನುಗ್ಗುವ ದಾರಿಯನ್ನು, ಹೊರತೆಗೆದು ಇತರ ತಂತ್ರಾಂಶಗಳೂ ಬಳಸುವ ಎಕ್ಸ್‌ಝಡ್ ಲೈಬ್ರರಿಗೆ ಜೋಡಿಸುತ್ತಿತ್ತು. ಸಹಿ ಮಾತ್ರ ಅಪ್ಪಟವಾದುದು. ಗಂಟು ಕಟ್ಟಿದ ಕಳ್ಳನೇ ಹಾಕಿದ್ದರಿಂದ ಅದರಲ್ಲಿ ಕುಂದು ಹುಡುಕುವಂತಿರಲಿಲ್ಲ. ಕಡೆಗೆ ಕಳವನ್ನು ಪತ್ತೆಹಚ್ಚಿದ್ದು ಸಾವಿರ ಕಣ್ಣುಗಳಲ್ಲ, ಗಡಿಯಾರ: ದೂರದ ಗಣಕಕ್ಕೆ ಪ್ರವೇಶ ಕೊಡುವ, ಆ ಲೈಬ್ರರಿಯನ್ನೂ ಜೊತೆಗೆ ಎಳೆದುಕೊಳ್ಳುತ್ತಿದ್ದ ಎಸ್‌ಎಸ್‌ಎಚ್‌ನ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯೆಂದು ಒಬ್ಬ ಎಂಜಿನಿಯರ್ ತಲೆ ಕೆಡಿಸಿಕೊಂಡರು. ಕಳ್ಳನು ತುಸು ಚುರುಕಾದ ಸಂಕೇತ ಬರೆದಿದ್ದರೆ ಇಂದಿಗೂ ನಮ್ಮ ನಂಬಿಕೆ ಅಖಂಡವಾಗಿರುತ್ತಿತ್ತು.

ಆ ಕಳ್ಳನ ಕೈಗೆ ಗಂಟು ಬಂದ ಬಗೆ ಇನ್ನೂ ಸೊಗಸು. ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ಈ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದ ನಿರ್ವಾಹಕರ ಮೇಲೆ 2022ರಲ್ಲಿ ಬಿಡುಗಡೆ ತಡವಾಯಿತೆಂಬ ದೂರುಗಳು ಬಂದವು. ತಮ್ಮ ಮಾನಸಿಕ ಆರೋಗ್ಯ ಚೆನ್ನಾಗಿಲ್ಲ, ಇದು ಬರಿಯ ಹವ್ಯಾಸ ಎಂದು ಅವರು ತಿಳಿಸಿದರೂ, ಹಾಗಾದರೆ ಬೇರೆಯವರಿಗೆ ಒಪ್ಪಿಸಿ ಎಂಬ ಒತ್ತಡ ನಿಲ್ಲಲಿಲ್ಲ. ಆ ದೂರುದಾರರು ನಕಲಿಗಳೆಂಬ ಗುಮಾನಿ ಈಗ ಬಲವಾಗಿದೆ. ಆಗ ಯಾರಿಗೂ ಅನುಮಾನ ಬಾರದಿದ್ದುದು ಸಹಜವೇ, ಏಕೆಂದರೆ ಅಸಲಿ ಬಳಕೆದಾರರೂ ಹಾಗೆಯೇ ಬರೆಯುತ್ತಾರೆ.

ಒಂದೇ ಮೂಲದಿಂದ ಇಬ್ಬರು ಬೇರೆಬೇರೆಯಾಗಿ ಬಿಲ್ಡ್ ಮಾಡಿದರೂ ಬೈಟ್‌ಗೆ ಬೈಟ್ ಹೊಂದಬೇಕೆಂಬ ಮದ್ದನ್ನು ಡೆಬಿಯನ್ ಎಂಬ ಲಿನಕ್ಸ್ ವಿತರಣೆಯವರು ವರ್ಷಗಳಿಂದ ಅರೆಯುತ್ತಿದ್ದಾರೆ. ಮದ್ದು ಒಳ್ಳೆಯದೇ, ಆದರೆ ಗಂಟೇ ಕೆಟ್ಟಿದ್ದರೆ ಬೈಟ್‌ಗೆ ಬೈಟ್ ಹೊಂದುವ ಹಿಂಬಾಗಿಲು ಎಲ್ಲರಿಗೂ ಸಮನಾಗಿ ದೊರೆಯುತ್ತದೆ.

ದೊಡ್ಡ ಕಂಪನಿಗಳು ಇದಕ್ಕಿಂತ ಅಗ್ಗದ ಉಪಾಯವನ್ನು ಮೊದಲೇ ಕಂಡುಕೊಂಡಿದ್ದವು: ಗಂಟು ಕಟ್ಟುವವನಿಗೇ ಭದ್ರತೆಯ ಕುರಿತ ಪ್ರಶ್ನಾವಳಿ ಕಳಿಸುವುದು. ಲಾಗ್‌ಫೋರ್‌ಜೆ ಎಂಬ ಮುಕ್ತ ತಂತ್ರಾಂಶದಲ್ಲಿ ಗಂಭೀರ ಭದ್ರತಾ ಲೋಪ ಸಿಕ್ಕ ಗದ್ದಲದ ಬೆನ್ನಿಗೇ, 2022ರ ಜನವರಿಯಲ್ಲಿ, ಅಂತರ್ಜಾಲದಲ್ಲಿ ದತ್ತಾಂಶ ಸಾಗಿಸುವ ಕರ್ಲ್ ತಂತ್ರಾಂಶದ ಕರ್ತೃ ಡೇನಿಯಲ್ ಸ್ಟೆನ್‌ಬರ್ಗ್ ಅವರಿಗೆ ಅಂಥದೊಂದು ಬಂತು. ಉತ್ತರಕ್ಕೆ 24 ಗಂಟೆಗಳ ಗಡುವಿತ್ತು. ಲಾಗ್‌ಫೋರ್‌ಜೆ ಜಾವಾದ್ದು, ಕರ್ಲ್ ಸಿ ಭಾಷೆಯದು ಎಂಬುದು ಕಳಿಸಿದವರಿಗೆ ಅಡ್ಡಿಯಾಗಲಿಲ್ಲ. ಬೆಂಬಲ ಒಪ್ಪಂದ ಮಾಡಿಕೊಂಡರೆ ಸಂತೋಷದಿಂದ ಉತ್ತರಿಸುವೆನೆಂದು ಸ್ಟೆನ್‌ಬರ್ಗ್ ಬರೆದರು. ಹಾಗಾದರೆ ನಾವು ನಿಮ್ಮ ಗ್ರಾಹಕರಲ್ಲವೇ ಎಂದು ಕೇಳುವ ಮರುಪತ್ರ ಬಂತು. ಅದರಲ್ಲಿ ಅವರನ್ನು ಡೇವಿಡ್ ಎಂದು ಸಂಬೋಧಿಸಲಾಗಿತ್ತು.